ಮಲೆನಾಡಿನ ಮನೆಯಲ್ಲಿ ಜುಲ್ಫಾದ ವರ್ತಕ: ಅರ್ಮೇನಿಯನ್ ಉಡುಪನ್ನು ಎಣ್ಣೆಬಣ್ಣದಲ್ಲಿ ಬರೆಯುವ ಕ್ರಮ

ಹದಿನೇಳನೆಯ ಶತಮಾನದ ಇರಾನಿನ ಅರ್ಮೇನಿಯನ್ ವರ್ತಕನ ಈ ಚಿತ್ರವನ್ನು ದಸರಾ ಕಳೆದ ಮೇಲೆ ಶುರುಮಾಡಿ ಶಿವರಾತ್ರಿಯೊಳಗೆ ಮುಗಿಸಿ. ಮಿಕ್ಕ ಸೂಚನೆಗಳಲ್ಲಿ ಯಾವುದು ಮರೆತರೂ ಇದೊಂದನ್ನು ಮರೆಯಬೇಡಿ. ಎಣ್ಣೆಬಣ್ಣ ನೀರಿನ ಬಣ್ಣದಂತೆ ಆರುವುದಿಲ್ಲ. ಅದರೊಳಗಿನ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಮೆಲ್ಲಗೆ ಗಟ್ಟಿಯಾಗುತ್ತದೆ. ಅದಕ್ಕೆ ಬೆಳಕು ಬೇಕು, ಆಡುವ ಒಣ ಗಾಳಿ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎರಡಕ್ಕೂ ಬರ. ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯ ಸುತ್ತ ಕೇಳುವುದೇ ಬೇಡ. ಆ ತಿಂಗಳುಗಳಲ್ಲಿ ಹಚ್ಚಿದ ಕೆಂಪು ಹದಿನೈದು ದಿನ ಕಳೆದರೂ ಬೆರಳಿಗೆ ಅಂಟುತ್ತದೆ. ಅದರ ಮೇಲೆ ಇನ್ನೊಂದು ಪದರ ಬಿದ್ದರೆ ಮುಂದಿನ ಬೇಸಿಗೆಗೆ ಬಿರುಕು ಖಂಡಿತ.

ಇನ್ನೊಂದು ಮಾತು. ವರ್ತಕ ಬಟ್ಟೆ ತೊಟ್ಟ ಕ್ರಮದಲ್ಲೇ ಚಿತ್ರ ಬರೆಯಬೇಕು: ಮೊದಲು ಮೈ, ಆಮೇಲೆ ಅಂಗಿ, ನಿಲುವಂಗಿ, ನಡುಕಟ್ಟು, ಮೇಲಂಗಿ, ಕೊನೆಗೆ ತುಪ್ಪಳ ಮತ್ತು ಜರಿ. ಮೇಲೆ ಕಾಣುವುದನ್ನಷ್ಟೇ ಬರೆಯುತ್ತ ಹೋದರೆ ಬಟ್ಟೆಯೊಳಗೆ ಮನುಷ್ಯನೇ ಇಲ್ಲದ ಹಾಗಾಗುತ್ತದೆ. ಇಂಥ ಚಿತ್ರಗಳು ಕೆಡುವುದು ಹೆಚ್ಚಾಗಿ ಇಲ್ಲೇ. ಮುಖ ತಪ್ಪಿದ್ದರಿಂದ ಕೆಟ್ಟದ್ದು ಕಡಿಮೆ.

ಯಾರು ಈ ವರ್ತಕ

ಅರಸ್ ನದಿಯ ದಂಡೆಯ ಹಳೆಯ ಜುಲ್ಫಾದಲ್ಲಿದ್ದ ಅರ್ಮೇನಿಯನ್ನರನ್ನು ಇರಾನಿನ ಶಾ ಅಬ್ಬಾಸ್ 1604-05ರಲ್ಲಿ ಬಲವಂತವಾಗಿ ಎಬ್ಬಿಸಿ ತನ್ನ ರಾಜಧಾನಿ ಇಸ್ಫಹಾನಿಗೆ ತಂದ. ಝಾಯಂದೆ ರೂದ್ ನದಿಯ ದಕ್ಷಿಣ ದಡದಲ್ಲಿ ಅವರಿಗಾಗಿ ಎದ್ದ ಊರೇ ಹೊಸ ಜುಲ್ಫಾ. ಇರಾನಿನ ಕಚ್ಚಾ ರೇಷ್ಮೆಯ ವ್ಯಾಪಾರ ಇವರ ಕೈಯಲ್ಲಿ ಬೆಳೆಯಿತು. ವೆನಿಸ್, ಲಿವೊರ್ನೊ, ಆಮ್‌ಸ್ಟರ್‌ಡ್ಯಾಮ್ ಒಂದು ದಿಕ್ಕಿಗಾದರೆ ಸೂರತ್, ಮದ್ರಾಸು, ಮನಿಲಾ ಇನ್ನೊಂದು ದಿಕ್ಕಿಗೆ. ದೊಡ್ಡ ವರ್ತಕರನ್ನು ಖ್ವಾಜಾ ಎಂದು ಕರೆಯುತ್ತಿದ್ದರು. ಹೊಸ ಜುಲ್ಫಾದ ದೊಡ್ಡ ಚರ್ಚಾದ ವಾಂಕ್ ಕೆಥೆಡ್ರಲ್‌ನ ಈಗಿನ ಕಟ್ಟಡ 1655ರಿಂದ 1664ರ ನಡುವೆ ಎದ್ದದ್ದು. ಒಳಗೋಡೆಗಳ ತುಂಬ ಯುರೋಪಿನ ರೀತಿಯನ್ನು ಒಗ್ಗಿಸಿಕೊಂಡ ಚಿತ್ರಗಳಿವೆ. ಅದೇ ಶತಮಾನದ ಎರಡನೆಯ ಅರ್ಧದಲ್ಲಿ ಇಸ್ಫಹಾನಿನಲ್ಲಿ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದ ಆಳೆತ್ತರದ ಒಂಟಿ ಚಿತ್ರಗಳು ಬಂದವು. ಪರ್ಷಿಯನ್, ಜಾರ್ಜಿಯನ್, ಅರ್ಮೇನಿಯನ್, ಯುರೋಪಿಯನ್ ಉಡುಪು ತೊಟ್ಟ ಗಂಡು ಹೆಣ್ಣುಗಳು, ಪಕ್ಕದಲ್ಲೊಂದು ಪರದೆ ಅಥವಾ ಕಿಟಕಿ. ನಾವು ಬರೆಯಹೊರಟಿರುವುದು ಆ ಬಗೆಯ ಚಿತ್ರ.

ನಮ್ಮ ಕಡೆಯ ಲೆಕ್ಕದಲ್ಲಿ ಅದು ಶಿವಪ್ಪನಾಯಕನಿಂದ ಕೆಳದಿ ಚೆನ್ನಮ್ಮನವರೆಗಿನ ಕಾಲ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1617ರಲ್ಲಿ ಇಸ್ಫಹಾನ್ ಸೇರಿ ವರ್ಷಗಟ್ಟಲೆ ಇರಾನಿನಲ್ಲಿದ್ದ. 1623ರಲ್ಲಿ ವೆಂಕಟಪ್ಪನಾಯಕನ ಇಕ್ಕೇರಿಗೂ ಬಂದ. ಹೊಸ ಜುಲ್ಫಾದ ಬೀದಿಯನ್ನೂ ಸಾಗರ ಸೀಮೆಯ ಬೀದಿಯನ್ನೂ ಒಂದೇ ಜೋಡಿ ಕಣ್ಣು ಕಂಡಿದೆ ಎನ್ನುವುದು ನೆನಪಿನಲ್ಲಿದ್ದರೆ ಈ ವರ್ತಕ ಅಷ್ಟು ದೂರದವನು ಅನ್ನಿಸುವುದಿಲ್ಲ.

ಉಡುಪಿನ ಪದರಗಳು

ಜುಲ್ಫಾದ ವರ್ತಕನ ಉಡುಪು ಬಹುಮಟ್ಟಿಗೆ ಆ ಕಾಲದ ಪರ್ಷಿಯದ್ದೇ. ಒಳಗೆ ಬಿಳಿ ಅಂಗಿ. ಅದರ ಮೇಲೆ ಕಬಾ ಎಂಬ ನಿಲುವಂಗಿ. ಅದು ಎದೆಯ ಮೇಲೆ ಒಂದು ಪಕ್ಕ ಇನ್ನೊಂದರ ಮೇಲೆ ಹಾದು ಬಗಲಿನ ಹತ್ತಿರ ಕಟ್ಟಿಕೊಳ್ಳುತ್ತದೆ, ಸೊಂಟದವರೆಗೆ ಮೈಗೆ ಹತ್ತಿ ಕೆಳಗೆ ಅಗಲವಾಗುತ್ತದೆ. ಸೊಂಟಕ್ಕೆ ಹಲವು ಸುತ್ತಿನ ನಡುಕಟ್ಟು. ಎಲ್ಲದರ ಮೇಲೆ ಮುಂದೆ ತೆರೆದ, ತುಪ್ಪಳದ ಅಸ್ತರಿಯ ಮೇಲಂಗಿ. ಅದರ ತೋಳಿಗೆ ಕೈ ತೂರಿಸದೆ ಭುಜದ ಮೇಲೆ ಹೊದ್ದುಕೊಳ್ಳುವುದೂ ಉಂಟು. ಆಗ ಖಾಲಿ ತೋಳು ಉದ್ದಕ್ಕೆ ಜೋತುಬೀಳುತ್ತದೆ. ತಲೆಗೆ ರುಮಾಲು ಅಥವಾ ತುಪ್ಪಳದ ಅಂಚಿನ ಟೊಪ್ಪಿ.

ಬೇರೆ ಬೇರೆ ಊರಿನ, ಕಾಲದ ಅರ್ಮೇನಿಯನ್ ಉಡುಪುಗಳನ್ನು ಒಂದೇ ಮೈಗೆ ತೊಡಿಸಬೇಡಿ. 1699ರಿಂದ ಇಸ್ತಾಂಬುಲಿನಲ್ಲಿದ್ದ ಚಿತ್ರಕಾರ ವಾನ್‌ಮೂರ್ ಬರೆದ ಅರ್ಮೇನಿಯನ್ನರು ಆಟೊಮನ್ ಊರಿನವರು; ಅವರ ಟೊಪ್ಪಿ ಬೇರೆ, ಅಂಗಿಯ ಕತ್ತರಿ ಬೇರೆ. 19ನೇ ಶತಮಾನದ, ಜಾರ್ಜಿಯದ ಟಿಫ್ಲಿಸ್‌ನಲ್ಲಿ ಹಾಕೋಪ್ ಹೊವ್ನಾತಾನ್ಯಾನ್ ಬರೆದ ವರ್ತಕರಂತೂ ಇನ್ನೂ ಬೇರೆ. ತಲೆಯುಡುಪು ಒಂದು ಚಿತ್ರದಿಂದ, ನಡುಕಟ್ಟು ಇನ್ನೊಂದರಿಂದ ಎತ್ತಿಕೊಂಡರೆ ಬಲ್ಲವರ ಕಣ್ಣಿಗೆ ಅದು ಮೈಸೂರು ಪೇಟಕ್ಕೆ ಕೊಡಗಿನ ಕುಪ್ಪಸ ಜೋಡಿಸಿದಂತೆ. ಒಂದು ಆಕರ ಚಿತ್ರ ಆರಿಸಿ, ಅದಕ್ಕೇ ನಿಲ್ಲಿ. ಮೊಬೈಲಿನಲ್ಲಿ ಸಿಗುವ ಪ್ರತಿಗಳು ಕೆಲವೊಮ್ಮೆ ಎಡಬಲ ತಿರುಗಿರುತ್ತವೆ. ಕಬಾ ಯಾವ ಬಗಲಿಗೆ ಕಟ್ಟಿದೆ ಎಂದು ಎರಡು ಕಡೆ ಹೋಲಿಸಿ ನೋಡಿಯೇ ರೇಖೆ ಎಳೆಯಿರಿ.

ಮಾದರಿ ಕಟ್ಟುವುದು

ಆಕರ ಚಿತ್ರವನ್ನು ನೋಡಿ ನಕಲು ಮಾಡಿದರೆ ಮಡಿಕೆಗಳು ಸತ್ತಿರುತ್ತವೆ. ಮನೆಯವರೊಬ್ಬರನ್ನು ನಿಲ್ಲಿಸಿ, ನಮ್ಮ ಬಟ್ಟೆಗಳಿಂದಲೇ ವರ್ತಕನನ್ನು ಕಟ್ಟಿ. ಕಬಾದ ರೇಷ್ಮೆಗೆ ಮೈಸೂರು ರೇಷ್ಮೆ ಸೀರೆ ಅಥವಾ ಮದುವೆಯ ರೇಷ್ಮೆ ಪಂಚೆ. ಮೇಲಂಗಿಗೆ ಕರಿ ಕಂಬಳಿ. ಮಳೆಗೆ ಕೊಪ್ಪೆ ಹಾಕುವ ಕಂಬಳಿಗಿಂತ ಒಳ್ಳೆಯ ಮಾದರಿ ಪೇಟೆಯಲ್ಲಿ ಸಿಗುವುದಿಲ್ಲ: ಭುಜದಿಂದ ನೇರ ಬೀಳುತ್ತದೆ, ಮಡಿಕೆ ಕಡಿಮೆ, ಇದ್ದ ಮಡಿಕೆ ದಪ್ಪ, ಅಂಚು ಗುಂಡು. ತುಪ್ಪಳದ ಅಸ್ತರಿಯ ಮೇಲಂಗಿ ಬೀಳುವುದೂ ಹಾಗೆಯೇ. ರೇಷ್ಮೆಯ ಮಡಿಕೆ ಮಾತ್ರ ಚೂಪು. ಒಂದು ದಿಕ್ಕಿಗೆ ಹೊರಟು ಥಟ್ಟನೆ ಮುರಿದು ಇನ್ನೊಂದು ದಿಕ್ಕಿಗೆ ತಿರುಗುತ್ತದೆ. ಎರಡನ್ನೂ ಒಟ್ಟಿಗೆ ಎದುರಿಗಿಟ್ಟು ನೋಡಿದವರಿಗೆ ಅರ್ಧ ಪಾಠ ಮುಗಿದಂತೆ.

ನಡುಕಟ್ಟಿಗೆ ಪಟ್ಟೆಯಿರುವ ಬಟ್ಟೆಯೇ ಬೇಕು, ಯಾಕೆಂದು ಮುಂದೆ ಹೇಳುತ್ತೇವೆ. ರುಮಾಲಿಗೆ ಐದಾರು ಮೀಟರ್ ತೆಳು ಮಲ್ ಬಟ್ಟೆ ಸಾಕು.

ಬೆಳಕು ಒಂದೇ ಕಡೆಯಿಂದ ಬರಲಿ. ಮಲೆನಾಡಿನ ಹಳೆಯ ಮನೆಗಳ ಸೂರು ತಗ್ಗು, ಕಿಟಕಿ ಸಣ್ಣದು. ಬೇರೆ ಕೆಲಸಕ್ಕೆ ಕತ್ತಲೆನಿಸುವ ಆ ಕೋಣೆ ಇದಕ್ಕೆ ಹೇಳಿ ಮಾಡಿಸಿದ್ದು. ಉತ್ತರದ ಕಿಟಕಿ ಎಡಗಡೆ ಬರುವಂತೆ ಮಾದರಿಯನ್ನು ನಿಲ್ಲಿಸಿ, ಮಿಕ್ಕ ಬಾಗಿಲು ಮುಚ್ಚಿ. ಒಳಂಗಳದ ತೊಟ್ಟಿಯಲ್ಲಿ ನಿಲ್ಲಿಸಿದರೆ ಬೆಳಕು ನೆತ್ತಿಯಿಂದ ಸುರಿದು ಕಣ್ಣುಗುಳಿ ಕಪ್ಪಾಗುತ್ತದೆ, ಮಡಿಕೆಗಳ ಪಕ್ಕದ ನೆರಳು ಸಿಗುವುದಿಲ್ಲ. ಮಾದರಿಯವರು ಇಪ್ಪತ್ತು ನಿಮಿಷ ನಿಂತು ಐದು ನಿಮಿಷ ಕೂರಲಿ. ನಿಂತ ಜಾಗಕ್ಕೆ ಸೀಮೆಸುಣ್ಣದಲ್ಲಿ ಪಾದದ ಗುರುತು ಹಾಕಿ. ಎದ್ದು ಕೂತ ಮೇಲೆ ಮಡಿಕೆ ಮತ್ತೆ ಅದೇ ರೀತಿ ಬೀಳದು. ಆದ್ದರಿಂದ ಮೊದಲ ದಿನವೇ ಒಂದೊಂದು ಬಟ್ಟೆಯನ್ನೂ ಹತ್ತಿರದಿಂದ ಫೋಟೊ ತೆಗೆದಿಡಿ.

ಕ್ಯಾನ್ವಾಸ್, ಚೌಕಟ್ಟು, ಬಿಳಿ ಲೇಪ

ಅಳತೆ 50 × 90 ಸೆಂ.ಮೀ. ಇರಲಿ. ಆಳೆತ್ತರದ ಚಿತ್ರದ ನಿಲುವು ಇದರಲ್ಲಿ ಉಳಿಯುತ್ತದೆ, ಜರಿಯ ಕೆಲಸಕ್ಕೆ ಜಾಗವೂ ಸಿಗುತ್ತದೆ. ಹಿಂದಿನ ಚೌಕಟ್ಟಿಗೆ ಚೆನ್ನಾಗಿ ಒಣಗಿದ ಸಾಗುವಾನಿ ಅಥವಾ ಸಿಲ್ವರ್ ಓಕ್, 4 ಸೆಂ.ಮೀ. ಅಗಲದ ಪಟ್ಟಿ, ನಡುವೆ ಒಂದು ಅಡ್ಡಪಟ್ಟಿ. ಮೂಲೆಗಳನ್ನು ಅಂಟಿಸಿ ಮೊಳೆ ಹೊಡೆಯಬೇಡಿ. ಮೂಲೆಯಲ್ಲಿ ಬೆಣೆ ಕೂರುವ ಹಾಗೆ ಬಡಗಿಗೆ ಹೇಳಿ ಮಾಡಿಸಿ. ಪಟ್ಟಿಯ ಮುಂಬದಿ ಒಳಕ್ಕೆ ಸ್ವಲ್ಪ ಇಳಿಜಾರಾಗಿರಬೇಕು. ಇಲ್ಲದಿದ್ದರೆ ಪಟ್ಟಿಯ ಅಂಚು ಕ್ಯಾನ್ವಾಸಿಗೆ ತಾಗಿ, ಕೆಲವು ವರ್ಷಗಳಲ್ಲಿ ಚಿತ್ರದ ಮೇಲೆ ಉದ್ದ ಗೆರೆ ಮೂಡುತ್ತದೆ.

ಕ್ಯಾನ್ವಾಸನ್ನು 62 × 102 ಸೆಂ.ಮೀ. ಕತ್ತರಿಸಿ. ಒಂದೊಂದು ಬದಿಯ ನಡುವಿನಿಂದ ಶುರುಮಾಡಿ, ಎದುರುಬದಿರು ಎಳೆಯುತ್ತ ಮೂಲೆಯ ಕಡೆಗೆ ಹೋಗಿ. ಪಿನ್ನಿನಿಂದ ಪಿನ್ನಿಗೆ 4-5 ಸೆಂ.ಮೀ. ಅಂತರ. ಪಿನ್ನು ಸ್ಟೇನ್‌ಲೆಸ್ ಸ್ಟೀಲಿನದ್ದಾಗಿರಲಿ, ಇಲ್ಲವೇ ತಾಮ್ರದ ಸಣ್ಣ ಮೊಳೆ ಆಗಬಹುದು. ಮಾಮೂಲಿ ಕಬ್ಬಿಣದ ಪಿನ್ನು ಮಲೆನಾಡಿನ ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಬಟ್ಟೆಯನ್ನು ತಿನ್ನುತ್ತದೆ.

ಹಳೆಯ ಪದ್ಧತಿಯಲ್ಲಿ ಬಟ್ಟೆಗೆ ಮೊದಲು ಚರ್ಮದ ಅಂಟು ಹಚ್ಚುತ್ತಿದ್ದರು. ಒಣ ಹವೆಯ ಇಸ್ಫಹಾನಿಗೆ, ಯುರೋಪಿಗೆ ಅದು ಸರಿ. ಇಲ್ಲಿ ಬೇಡ: ಪ್ರಾಣಿಯ ಅಂಟು ತೇವ ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಮೇಲಾಗಿ ಬೂಷ್ಟಿಗೆ ಅದು ಹಬ್ಬದೂಟ. ಅಕ್ರಿಲಿಕ್ ಜೆಸ್ಸೊ ಎಂಬ ಬಿಳಿ ಲೇಪ ಬಳಸಿ. ಈ ಅಳತೆಗೆ 500 ಮಿ.ಲೀ. ಡಬ್ಬಿ ಸಾಕು. ಮೊದಲ ಕೋಟಿಗೆ ಮಾತ್ರ ಹತ್ತರಲ್ಲೊಂದು ಪಾಲು ನೀರು ಬೆರೆಸಿ. ಒಟ್ಟು ನಾಲ್ಕು ಕೋಟು, ಒಂದು ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ. ಪ್ರತಿ ಕೋಟು ಪೂರ್ತಿ ಆರಿದ ಮೇಲೆ 220 ನಂಬರಿನ ಉಪ್ಪು ಕಾಗದದಿಂದ ಹಗುರವಾಗಿ ಉಜ್ಜಿ, ಕೊನೆಯದಕ್ಕೆ 320 ನಂಬರಿನದು. ಸಣ್ಣ ಜರಿಗೆರೆ ಎಳೆಯುವಾಗ ಬಟ್ಟೆಯ ನೇಯ್ಗೆ ಕುಂಚಕ್ಕೆ ತೊಡರಬಾರದು. ಮುಗಿದ ಮೇಲೆ ಮೂರು ದಿನ ಬಿಡಿ, ಮೋಡವಿದ್ದರೆ ಒಂದು ವಾರ. ಒಳಗೆ ನೀರು ಉಳಿದ ಜೆಸ್ಸೊ ಮೇಲಿನ ಎಣ್ಣೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ.

ಮನೆ ತೀರಾ ತೇವದ್ದಾದರೆ ಕ್ಯಾನ್ವಾಸು ಬಿಟ್ಟು 12 ಮಿ.ಮೀ. ಬಿಡಬ್ಲ್ಯುಪಿ (ನೀರಿಗೆ ತಡೆಯುವ) ಪ್ಲೈವುಡ್ ಮೇಲೆ ಬರೆಯಬಹುದು. ಮುಂದಕ್ಕೆ ಹಚ್ಚಿದಷ್ಟೇ ಕೋಟು ಹಿಂದಕ್ಕೂ ಅಂಚಿಗೂ ಹಚ್ಚಬೇಕು. ಒಂದೇ ಮುಖಕ್ಕೆ ಹಚ್ಚಿದರೆ ಹಲಗೆ ಬಾಗುತ್ತದೆ.

ರೇಖೆ ಮತ್ತು ಕಂದು ಪದರ

ತಲೆ ನೆತ್ತಿಯಿಂದ ಗದ್ದದವರೆಗೆ 10 ಸೆಂ.ಮೀ., ಮೈ ಒಟ್ಟು ಏಳು ತಲೆ, ಅಂದರೆ 70 ಸೆಂ.ಮೀ. ನೆತ್ತಿಯ ಮೇಲೆ ರುಮಾಲಿಗೆ 4, ಪಾದದ ಕೆಳಗೆ 6, ರುಮಾಲಿನ ಮೇಲೆ ಖಾಲಿ 10: ಲೆಕ್ಕ 90ಕ್ಕೆ ಸರಿಹೋಯಿತು. ರುಮಾಲನ್ನು ತಲೆಯ ಅಳತೆಯೊಳಗೇ ಸೇರಿಸಿಬಿಡುವುದು ಸಾಮಾನ್ಯ ತಪ್ಪು. ಆಗ ಹಣೆ ಮಾಯವಾಗಿ ವರ್ತಕ ಗಿಡ್ಡನಾಗುತ್ತಾನೆ.

ಮೊದಲು ಬಟ್ಟೆಯಿಲ್ಲದ ಮೈಯನ್ನು ತೆಳು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಭುಜ, ಮೊಣಕೈ, ಸೊಂಟ, ಮೊಣಕಾಲು ಎಲ್ಲಿವೆ ಎಂದು ಚುಕ್ಕೆ ಹಾಕಿ. ಪ್ರತಿ ಮಡಿಕೆಗೂ ಒಂದು ಹುಟ್ಟೂರಿದೆ, ಅದು ಈ ಚುಕ್ಕೆಗಳಲ್ಲೊಂದು ಅಥವಾ ನಡುಕಟ್ಟಿನ ಬಿಗಿ. ಎಲ್ಲಿಂದಲೂ ಹೊರಡದೆ ನಡುವೆ ತೇಲುವ ಮಡಿಕೆ ಕಂಡರೆ ಅಳಿಸಿ.

ಬಣ್ಣಗಳು ಇಷ್ಟಿದ್ದರೆ ಸಾಕು. ಟೈಟೇನಿಯಂ ವೈಟ್ 120 ಮಿ.ಲೀ.; ಯೆಲ್ಲೊ ಓಕರ್ (ಮಣ್ಣುಹಳದಿ), ಬರ್ನ್ಟ್ ಸಿಯೆನ್ನಾ (ಕೆಂಗಂದು), ರಾ ಅಂಬರ್ (ಕಂದು), ಅಲ್ಟ್ರಾಮರೀನ್ (ನೀಲಿ), ವರ್ಮಿಲಿಯನ್ ಹ್ಯೂ (ಬಿಸಿ ಕೆಂಪು) ತಲಾ 40; ಪರ್ಮನೆಂಟ್ ಅಲಿಜರಿನ್ (ತಣ್ಣನೆಯ ಕೆಂಪು), ಲೆಮನ್ ಯೆಲ್ಲೊ, ಐವರಿ ಬ್ಲ್ಯಾಕ್ ತಲಾ 20. ಹಳೆಯ ಕಾಲದ ನಿಜವಾದ ಸೀಸದ ಬಿಳಿ, ಪಾದರಸದ ಕೆಂಪು ಎರಡೂ ವಿಷ. ಮನೆಯೊಳಗೆ ಅವು ಬೇಡವೇ ಬೇಡ. ಕುಂಚಗಳಲ್ಲಿ ಹಂದಿಗೂದಲಿನ ಚಪ್ಪಟೆ 4, 6, 10 ನಂಬರ್. ಮೆತ್ತನೆಯ ಗುಂಡು ಕುಂಚ 1, 3. ಬೀಸಣಿಗೆಯಂಥ ಫ್ಯಾನ್ ಬ್ರಷ್ ಒಂದು. ಕೈ ಊರಲು ಎರಡೂವರೆ ಅಡಿಯ ವಾಟೆ ಕೋಲು, ತುದಿಗೆ ಹತ್ತಿಯುಂಡೆ ಕಟ್ಟಿ.

ಬಿಳಿ ನೆಲದ ಮೇಲೆ ನೇರ ಬರೆಯಬೇಡಿ. ರಾ ಅಂಬರ್‌ಗೆ ಅರ್ಧದಷ್ಟು ಬರ್ನ್ಟ್ ಸಿಯೆನ್ನಾ ಸೇರಿಸಿ ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಇಡೀ ಕ್ಯಾನ್ವಾಸಿಗೆ ಬಳಿದು, ಹಳೆಯ ಪಂಚೆಯ ತುಂಡಿನಿಂದ ಒರೆಸಿ. ಸುಗ್ಗಿಯ ಕಾಲದ ಮಣ್ಣಂಗಳದ ಬಣ್ಣ ಬಂದರೆ ಸರಿ. ಎರಡು ದಿನ ಬಿಟ್ಟು ಅದೇ ಕಂದಿನಲ್ಲಿ ನೆರಳುಗಳನ್ನೆಲ್ಲ ಕೂರಿಸಿ, ಬೆಳಕಿಗೆ ಬಿಳಿ ಬೆರೆಸಿ. ಈ ಹಂತದಲ್ಲಿ ಚಿತ್ರ ಹಳೆಯ ಕಪ್ಪುಬಿಳುಪು ಫೋಟೊದಂತೆ ಪೂರ್ತಿ ಕಾಣಬೇಕು. ಇಲ್ಲಿ ನೆರಳು ತಪ್ಪಿದರೆ ಮುಂದೆ ಎಷ್ಟು ಬಣ್ಣ ಹಾಕಿದರೂ ಸರಿಹೋಗುವುದಿಲ್ಲ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. ಕೆಳಗಿನ ಪದರಕ್ಕೆ ಅದನ್ನೇ ಹಿಡಿಯುವುದಕ್ಕೆ ಇದೇ ಕಾರಣ.

ಎಣ್ಣೆಯ ಲೆಕ್ಕ ಹೀಗೆ. ಮೊದಲ ಪದರಕ್ಕೆ ಬರೀ ಟರ್ಪೆಂಟೈನ್. ಎರಡನೆಯದಕ್ಕೆ ಒಂದು ಪಾಲು ಅಗಸೆ ಎಣ್ಣೆಗೆ ಮೂರು ಪಾಲು ಟರ್ಪೆಂಟೈನ್. ಕೊನೆಯ ತೆಳು ಪದರಗಳಿಗೆ ಸಮಪಾಲು. ಜಿಡ್ಡು ಯಾವಾಗಲೂ ಮೇಲಕ್ಕೇ ಇರಬೇಕು. ಜಿಡ್ಡಿನ ಪದರ ತಿಂಗಳುಗಟ್ಟಲೆ ಒಳಗೊಳಗೇ ಅಲುಗುತ್ತಿರುತ್ತದೆ. ಅದರ ಮೇಲೆ ಬೇಗ ಗಟ್ಟಿಯಾಗುವ ತೆಳು ಪದರ ಕೂತರೆ ಗದ್ದೆಯ ಕೆಸರು ಬಿರಿದಂತೆ ಬಿರಿಯುತ್ತದೆ. ಕೊಬ್ಬರಿ ಎಣ್ಣೆಯಂಥ ಅಡುಗೆಯ ಎಣ್ಣೆ ಯಾವ ಕಾಲಕ್ಕೂ ಒಣಗುವುದಿಲ್ಲ. ಕುಂಚ ತೊಳೆಯಲು ಬಳಸಿದ್ದರೂ ಆಮೇಲೆ ಸೋಪಿನಲ್ಲಿ ಪೂರ್ತಿ ತೆಗೆಯಿರಿ.

ಬಟ್ಟೆಗೊಂದು ಕೈ

ರೇಷ್ಮೆಯ ಕಬಾ. ಮೂರು ಬಣ್ಣದ ರಾಶಿ ಕಲಸಿಟ್ಟುಕೊಳ್ಳಿ: ನೆರಳು, ನಡುಬಣ್ಣ, ಬೆಳಕು. ಹಸಿರು ಕಬಾ ಎಂದಿಟ್ಟುಕೊಂಡರೆ ಅಲ್ಟ್ರಾಮರೀನ್, ಓಕರ್, ಸ್ವಲ್ಪ ಲೆಮನ್ ಯೆಲ್ಲೊ ನಡುಬಣ್ಣ; ಅದಕ್ಕೆ ರಾ ಅಂಬರ್ ಸೇರಿದರೆ ನೆರಳು; ಬಿಳಿ ಮತ್ತು ಲೆಮನ್ ಯೆಲ್ಲೊ ಸೇರಿದರೆ ಬೆಳಕು. ರೇಷ್ಮೆಯ ಹೊಳಪು ಸಣ್ಣ ಪಟ್ಟಿ. ಅದು ಮಡಿಕೆಯ ನೆತ್ತಿಯಲ್ಲಿ ಕೂರುವುದಿಲ್ಲ, ಬೆಳಕಿನ ಕಡೆಗೆ ತುಸು ಜಾರಿರುತ್ತದೆ. ಅದರ ಪಕ್ಕದಲ್ಲೇ ಬಣ್ಣ ಥಟ್ಟನೆ ಕಪ್ಪಾಗುತ್ತದೆ. ಆ ಥಟ್ಟನೆಯ ಇಳಿತವನ್ನು ಕುಂಚದಿಂದ ಸವರಿ ನುಣುಪು ಮಾಡಿದಿರೋ ರೇಷ್ಮೆ ಹೋಗಿ ಫ್ಲಾನೆಲ್ ಆಯಿತು. ನೆರಳಿನೊಳಗೆ ಪಕ್ಕದ ಮಡಿಕೆಯಿಂದ ಮರಳಿ ಬಿದ್ದ ಮಸುಕು ಬೆಳಕನ್ನೂ ಒಂದು ಗೆರೆ ಹಾಕಿ.

ನಡುಕಟ್ಟು. ಪಟ್ಟೆ ಬಟ್ಟೆ ಬೇಕೆಂದದ್ದು ಇದಕ್ಕೆ: ಸೊಂಟ ಎಷ್ಟು ಗುಂಡಗಿದೆ ಎಂದು ಹೇಳುವುದು ಈ ಪಟ್ಟೆಗಳೇ. ನೋಡುವವರ ಕಣ್ಣು ವರ್ತಕನ ಎದೆಯ ಮಟ್ಟಕ್ಕಿದೆ ಎಂದುಕೊಳ್ಳಿ. ಆ ಮಟ್ಟಕ್ಕಿಂತ ಕೆಳಗಿನ ಸುತ್ತುಗಳೆಲ್ಲ ನಡುವೆ ಕೆಳಕ್ಕೆ ಬಾಗುತ್ತವೆ, ಬಾಗಿಲಿಗೆ ಇಳಿಬಿಟ್ಟ ತೋರಣದಂತೆ. ಮೇಲಿನ ರುಮಾಲಿನ ಸುತ್ತುಗಳು ನಡುವೆ ಮೇಲಕ್ಕೆ ಬಾಗುತ್ತವೆ, ಬಿಲ್ಲಿನಂತೆ. ಎರಡನ್ನೂ ಒಂದೇ ಕಡೆಗೆ ಬಾಗಿಸಿದರೆ ವರ್ತಕ ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತಾನೆ. ಸೊಂಟದ ಎರಡು ತುದಿಗಳಲ್ಲಿ ಪಟ್ಟೆಗಳ ಅಂತರವನ್ನು ಕಿರಿದಾಗಿಸಿ. ಗಂಟು ಕಟ್ಟಿದ ಜಾಗದಲ್ಲಿ ಪಟ್ಟೆ ಮುರಿದು ದಿಕ್ಕು ಬದಲಿಸಲಿ. ಅಲ್ಲಿ ಅಳತೆ ಹಿಡಿದು ಕೂರಬೇಡಿ, ಎದುರಿನ ಬಟ್ಟೆ ನೋಡಿ.

ಮಕಮಲ್ಲಿನ ಮೇಲಂಗಿ. ಮಕಮಲ್ಲು ರೇಷ್ಮೆಗೆ ಪೂರ್ತಿ ತಿರುಗುಮುರುಗು. ಅದರ ಎಳೆಗಳು ನೆಟ್ಟಗೆ ನಿಂತಿರುವುದರಿಂದ ನಮ್ಮ ಕಡೆ ತಿರುಗಿದ ಮುಖ ಬೆಳಕನ್ನು ನುಂಗಿ ಕಪ್ಪಾಗಿ ಕಾಣುತ್ತದೆ. ಬೆಳಗುವುದು ಮಡಿಕೆಯ ಅಂಚು, ನಮ್ಮಿಂದ ಆಚೆಗೆ ಹೊರಳುವ ಜಾಗ. ಒಂದು ಮಕಮಲ್ಲಿನ ತುಂಡನ್ನು ಲೋಟಕ್ಕೆ ಸುತ್ತಿ ಕಿಟಕಿಯ ಹತ್ತಿರ ಹಿಡಿಯಿರಿ: ಲೋಟದ ನಡುವೆ ಗಾಢ ಕೆಂಪು, ಎರಡು ಅಂಚಿಗೆ ಬೂದುಗೆಂಪು ಹೊಳಪು. ಅದನ್ನೇ ಬರೆಯಿರಿ.

ಕೆಂಪು ಮೇಲಂಗಿಗೆ ಒಂದೇ ಪದರ ಸಾಲದು. ಅರ್ಮೇನಿಯದ ಹೆಸರಾಂತ ಕೆಂಪು ವೊರ್ದಾನ್ ಕಾರ್ಮಿರ್, ಅಂದರೆ ಹುಳದ ಕೆಂಪು. ಅರರಾತ್ ಬಯಲಿನ ಉಪ್ಪು ಜವುಗಿನ ಹುಲ್ಲಿನ ಬೇರಿಗೆ ಹತ್ತುವ ಕೀಟದಿಂದ ತೆಗೆದ ಬಣ್ಣ. ಬಟ್ಟೆಗೂ ಹಸ್ತಪ್ರತಿಯ ಚಿತ್ರಗಳಿಗೂ ಬಳಸುತ್ತಿದ್ದರು. ನಮ್ಮ ಅರಗಿನ ಕೆಂಪೂ ಕೀಟದ್ದೇ, ಎರಡಕ್ಕೂ ಒಂದು ಬಗೆಯ ತಣ್ಣನೆಯ ಆಳವಿದೆ. ಆ ಆಳ ಬರಬೇಕಾದರೆ ಕೆಳಗೆ ಬಿಸಿ ಕೆಂಪು, ಮೇಲೆ ಪಾರದರ್ಶಕ ತಣ್ಣನೆಯ ಕೆಂಪು ಕೂರಬೇಕು. ಬೆಳಕಿನ ಜಾಗಕ್ಕೆ ವರ್ಮಿಲಿಯನ್ ಮತ್ತು ಬಿಳಿ, ನೆರಳಿಗೆ ಬರ್ನ್ಟ್ ಸಿಯೆನ್ನಾ ಹಾಕಿ ಹತ್ತು ದಿನ ಒಣಗಿಸಿ. ಬೇಕಾದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾಗಿಯೇ ಇರಲಿ. ಆಮೇಲೆ ಅಲಿಜರಿನ್ನನ್ನು ಎಣ್ಣೆಯಲ್ಲಿ ಕಷಾಯದಷ್ಟು ತೆಳ್ಳಗೆ ಮಾಡಿ ಇಡೀ ಮೇಲಂಗಿಗೆ ಸವರಿ, ಮಡಿಕೆಯ ಅಂಚುಗಳಿಂದ ಬಟ್ಟೆಯ ತುದಿಯಲ್ಲಿ ಒರೆಸಿ ತೆಗೆಯಿರಿ. ಒಂದು ವಾರ ಬಿಟ್ಟು ಇನ್ನೊಮ್ಮೆ. ಎರಡು ಸಲ ಸಾಕು, ಮೂರನೆಯದು ನೆರಳಿಗೆ ಮಾತ್ರ. ಅಲಿಜರಿನ್ ನಿಧಾನಕ್ಕೆ ಒಣಗುವ ಬಣ್ಣ; ಆತುರಪಟ್ಟು ಒಂದೇ ದಪ್ಪ ಪದರ ಹಾಕಿದರೆ ಮೇಲೆ ಚರ್ಮಗಟ್ಟಿ ಸುಕ್ಕಾಗುತ್ತದೆ, ಕೆನೆಗಟ್ಟಿದ ಹಾಲಿನಂತೆ.

ತುಪ್ಪಳ. ಕೂದಲನ್ನು ಎಣಿಸಿ ಬರೆಯಬೇಡಿ. ರಾ ಅಂಬರ್, ಐವರಿ ಬ್ಲ್ಯಾಕ್, ಒಂದಿಷ್ಟು ಅಲ್ಟ್ರಾಮರೀನ್ ಕಲಸಿ ತುಪ್ಪಳದ ಜಾಗವನ್ನೆಲ್ಲ ತುಂಬಿ. ಬಣ್ಣ ಹಸಿಯಿರುವಾಗಲೇ ಬೆಳಕಿನ ಕಡೆ ನೀಲಿಬೂದು ಸವರಿ, ಫ್ಯಾನ್ ಬ್ರಷ್ಷನ್ನು ಒಣಗಿದ್ದಂತೆಯೇ ಹಿಡಿದು ಅಂಚನ್ನು ಹೊರಗೆ ಎಳೆಯಿರಿ. ತುಪ್ಪಳ ಎಂದು ಹೇಳುವುದು ಅಂಚು. ಒಳಗಿನದ್ದು ಬರೀ ಮೆತ್ತನೆಯ ಕತ್ತಲು. ಒಂದು ಕೊರಳಪಟ್ಟಿಗೆ ಹತ್ತು ಹದಿನೈದು ಬಿಡಿ ಕೂದಲು, ಅದೂ ಬೆಳಕಿನ ಕಡೆ ಮಾತ್ರ. 1762ರಿಂದ ಅರ್ಮೇನಿಯನ್ ಉಡುಪು ತೊಡತೊಡಗಿದ ತತ್ವಜ್ಞಾನಿ ರೂಸೋನನ್ನು ಚಿತ್ರಕಾರ ಆಲನ್ ರಾಮ್ಸೆ 1766ರಲ್ಲಿ ಬರೆದ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಅದರ ಉಡುಪನ್ನು ಇಲ್ಲಿಗೆ ತರಬೇಡಿ. ಟೊಪ್ಪಿಯ ತುಪ್ಪಳ ಹಿಂದಿನ ಕತ್ತಲಲ್ಲಿ ಹೇಗೆ ಕರಗುತ್ತದೆ ಎನ್ನುವುದನ್ನಷ್ಟೇ ಕಲಿಯಿರಿ.

ಬಿಳಿ ರುಮಾಲಿನಲ್ಲಿ ಅಪ್ಪಟ ಬಿಳಿ ಹತ್ತರಲ್ಲೊಂದು ಪಾಲೂ ಬೇಡ. ಮಿಕ್ಕದ್ದೆಲ್ಲ ಅಲ್ಟ್ರಾಮರೀನ್, ರಾ ಅಂಬರ್ ಬೆರೆತ ಬೂದು.

ಜರಿ ಎಲ್ಲಕ್ಕಿಂತ ಕೊನೆಗೆ. ಹೂಬಳ್ಳಿಯ ವಿನ್ಯಾಸವನ್ನು ನೇರ ಬಟ್ಟೆಯ ಮೇಲಿದ್ದಂತೆ ಬಿಡಿಸಿದರೆ ಬಟ್ಟೆ ಗೋಡೆಗೆ ಅಂಟಿಸಿದ ಕಾಗದವಾಗುತ್ತದೆ. ಒಣಗಿದ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಮಡಿಕೆಯನ್ನೇ ಅನುಸರಿಸುವ ಚೌಕಳಿ ಎಳೆದು, ಒಂದೊಂದು ಚೌಕಕ್ಕೆ ಒಂದು ಹೂ ಕೂರಿಸಿ. ಮಡಿಕೆ ಒಳಗೆ ಹೋದಲ್ಲಿ ಹೂವಿನ ಅರ್ಧವೂ ಒಳಗೆ ಹೋಗಲಿ. ಹೂವನ್ನು ಓಕರ್ ಮತ್ತು ರಾ ಅಂಬರ್‌ನಲ್ಲಿ ಬರೆದು, ಬೆಳಕು ಬಿದ್ದ ಕಡೆ ಓಕರ್ ಮತ್ತು ಲೆಮನ್ ಯೆಲ್ಲೊ, ಆಯ್ದ ಕೆಲವು ಕಡೆ ಮಾತ್ರ ಬಿಳಿ ಬೆರೆತ ಹಳದಿಯ ಚುಕ್ಕೆ ದಪ್ಪಗೆ. ಪೇಟೆಯಲ್ಲಿ ಸಿಗುವ ಚಿನ್ನದ ಪುಡಿ ಹಿತ್ತಾಳೆಯದ್ದು. ಮಲೆನಾಡಿನ ತೇವಕ್ಕೆ ಕಂದುಹಸಿರಾಗುತ್ತದೆ.

ಮುಖ, ಕೈ, ಕಡತ

ಮೈಬಣ್ಣಕ್ಕೆ ಬಿಳಿ, ಓಕರ್, ವರ್ಮಿಲಿಯನ್. ನೆರಳಿಗೆ ಬರ್ನ್ಟ್ ಸಿಯೆನ್ನಾ, ರಾ ಅಂಬರ್. ನಡುವಿನ ತಿರುವಿಗೆ ಚಿಟಿಕೆ ಅಲ್ಟ್ರಾಮರೀನ್. ಮುಖವನ್ನು ಬಟ್ಟೆಯಷ್ಟು ಹೊಳಪಿಸಬೇಡಿ. ಗಡ್ಡ ಮೀಸೆಯನ್ನು ಆಕರ ಚಿತ್ರದಂತೆ ಉಳಿಸಿ.

ಕೈಯಲ್ಲಿ ಲೆಕ್ಕದ ಕಡತ ಕೊಟ್ಟರೆ ಅದರ ಅಕ್ಷರಗಳಿಗೆ ಮರ್ಯಾದೆ ಕೊಡಿ. ಹೊವ್ಹಾನೆಸ್ ಎಂಬ ಜುಲ್ಫಾದ ವರ್ತಕ 1682ರಿಂದ 1693ರವರೆಗೆ ಬರೆದಿಟ್ಟ ಲೆಕ್ಕದ ಪುಸ್ತಕ ಇಂದಿಗೂ ಉಳಿದಿದೆ. ಸೂರತ್, ಆಗ್ರಾ ದಾಟಿ ಟಿಬೆಟ್ಟಿನ ಲಾಸಾದವರೆಗಿನ ವ್ಯಾಪಾರ ಅದರಲ್ಲಿದೆ. ಅರ್ಮೇನಿಯನ್ ಲಿಪಿ ನಮ್ಮಂತೆ ಎಡದಿಂದ ಬಲಕ್ಕೆ ಹೋಗುತ್ತದೆ, ಹಳೆಯ ಬರಹದಲ್ಲಿ ಅಂಕಿಯ ಕೆಲಸವನ್ನೂ ಅಕ್ಷರಗಳೇ ಮಾಡುತ್ತವೆ. ಅರೇಬಿಕ್‌ನಂತೆ ತೋರುವ ಗೀಚು ಹಾಕಿದರೆ ಅದು ತಪ್ಪು. ಇಸವಿ ಬರೆಯುವುದಾದರೆ ಅರ್ಮೇನಿಯನ್ ಶಕೆಗೆ ಕ್ರಿಸ್ತಶಕದಿಂದ 551 ಕಳೆಯಿರಿ: 1664 ಅಂದರೆ 1113, ಸಾವಿರ, ನೂರು, ಹತ್ತು, ಮೂರು ಎಂಬ ನಾಲ್ಕೇ ಅಕ್ಷರ. ಅಕ್ಷರದ ಆಕಾರವನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಚೆನ್ನೈನ ಅರ್ಮೇನಿಯನ್ ಬೀದಿಯ 1772ರ ಚರ್ಚಿದೆ. ಅದರ ಅಂಗಳದ ಸಮಾಧಿಗಲ್ಲುಗಳ ಮೇಲೆ ಕೊರೆದ ಅಕ್ಷರಗಳಿವೆ; ಮೊದಲ ಅರ್ಮೇನಿಯನ್ ಪತ್ರಿಕೆ ‘ಅಜ್ದರಾರ್’ ಹೊರಟದ್ದೂ ಆ ಊರಿನಲ್ಲೇ, 1794ರಲ್ಲಿ.

ಒಣಗುವ ದಿನಗಳು

ನಾವು ಆರಿಸಿದ ಒಣ ತಿಂಗಳುಗಳಲ್ಲೇ ಅಡಿಕೆ ಕೊಯ್ಲು. ಅಂಗಳದಲ್ಲಿ ಸುಲಿಯುವ ಧೂಳು, ಅಡಿಕೆ ಬೇಯಿಸುವ ಒಲೆಯ ಹೊಗೆ ಎರಡೂ ಹಸಿ ಎಣ್ಣೆಗೆ ಅಂಟಿದರೆ ಬಿಡುವುದಿಲ್ಲ. ಚಿತ್ರವನ್ನು ಒಲೆಯಿಂದ ದೂರದ, ಗಾಳಿ ಹೊರಳುವ ಕೋಣೆಯಲ್ಲಿ ಗೋಡೆಯ ಬಳಿ, ಮೇಲಂಚು ಮುಂದಕ್ಕೆ ಓರೆಯಾಗಿರುವಂತೆ ನಿಲ್ಲಿಸಿ. ಧೂಳು ಚಿತ್ರದ ಬೆನ್ನಿಗೆ ಬೀಳುತ್ತದೆ. ಬೇಗ ಒಣಗಲೆಂದು ಅಡಿಕೆ ಡ್ರೈಯರಿನ ಹತ್ತಿರವೋ ಬಿಸಿಲಿಗೋ ಇಡಬೇಡಿ. ಮೇಲ್ಪದರ ಮಾತ್ರ ಗಟ್ಟಿಯಾಗಿ ಸುಕ್ಕುಗಟ್ಟುತ್ತದೆ. ಚಿತ್ರದ ಮುಖವನ್ನು ಗೋಡೆಗೆ ತಿರುಗಿಸಿಯೂ ಇಡಬೇಡಿ: ಅಗಸೆ ಎಣ್ಣೆ ಕತ್ತಲಲ್ಲಿ, ತೇವದಲ್ಲಿ ಹಳದಿಯಾಗುತ್ತದೆ. ಹಾಗೆ ಹಳದಿಯಾದದ್ದನ್ನು ಕೆಲವು ವಾರ ಬೆಳಕಿರುವ ಕಡೆ ಇಟ್ಟರೆ ಬಹುಪಾಲು ತಿಳಿಯಾಗುತ್ತದೆ.

ಇದನ್ನು ಒತ್ತಿ ಹೇಳಬೇಕು: ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಕೂಡಿಕೊಂಡು ತಾನೇ ಬೆಂಕಿ ಹತ್ತುತ್ತದೆ. ಅಟ್ಟದಲ್ಲಿ ಅಡಿಕೆ ಸಿಪ್ಪೆ, ಸೌದೆ ತುಂಬಿದ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಅಥವಾ ಹೊರಗೆ ತಂತಿಯ ಮೇಲೆ ಒಂದೊಂದೇ ಹರವಿ.

ವಾರ್ನಿಷ್, ಚೌಕಟ್ಟು, ಮಳೆಗಾಲ

ಫೆಬ್ರವರಿಯಲ್ಲಿ ಮುಗಿದ ಚಿತ್ರಕ್ಕೆ ಆರು ತಿಂಗಳಾದ ಮೇಲೆ ವಾರ್ನಿಷ್ ಎಂದರೆ ಆಗಸ್ಟ್, ನಡು ಮಳೆಗಾಲ. ಕಾಯಿರಿ, ಮುಂದಿನ ಜನವರಿಯೇ ಸರಿ. ತೇವದ ದಿನ ಹಚ್ಚಿದ ವಾರ್ನಿಷ್ ಮೇಲೆ ಹಿಮದಂಥ ಬಿಳಿ ಮಬ್ಬು ಕೂರುತ್ತದೆ, ಅಲಿಜರಿನ್ ಹಾಕಿದ ಗಾಢ ಜಾಗಗಳಲ್ಲಿ ಎದ್ದು ಕಾಣುತ್ತದೆ. ಒಣ ದಿನ, ಬೆಳಗ್ಗೆ ಹತ್ತರ ಮೇಲೆ, ಚಿತ್ರವನ್ನೂ ವಾರ್ನಿಷನ್ನೂ ಒಂದೇ ಕೋಣೆಯಲ್ಲಿ ಕೆಲವು ಗಂಟೆ ಇಟ್ಟು ಆಮೇಲೆ ಹಚ್ಚಿ. ನಮ್ಮ ಕಾಡಿನ ಧೂಪದ ಮರದ ರಾಳದಿಂದಲೂ ವಾರ್ನಿಷ್ ಆಗುತ್ತದೆ. ಆದರೆ ಮನೆಯಲ್ಲಿ ಸೋಸಿದ್ದು ಬೇಗ ಹಳದಿಯಾಗುತ್ತದೆ, ಈ ಚಿತ್ರಕ್ಕೆ ಅದನ್ನು ಹಾಕಬೇಡಿ. ಚಿತ್ರಕಲೆಯ ಸಾಮಾನಿನಂಗಡಿಯಲ್ಲಿ ಸಿಗುವ, ಮುಂದೆ ಬೇಕಾದಾಗ ತೆಗೆಯಬಲ್ಲ ವಾರ್ನಿಷ್ ಕೊಳ್ಳಿ.

ಹೊರಚೌಕಟ್ಟಿಗೆ ಸಾಗರ, ಸೊರಬದ ಗುಡಿಗಾರರ ಕೆತ್ತನೆಗಿಂತ ಒಪ್ಪುವುದು ಇನ್ನೊಂದಿಲ್ಲ. ಶಿವನೆ ಮರದಲ್ಲಿ, ಬಳ್ಳಿ ಮಾತ್ರದ ಸರಳ ಕೆತ್ತನೆ ಸಾಕು. ಒಳಗಿನ ಜರಿಯೊಡನೆ ಪೈಪೋಟಿ ಬೇಡ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ 2 ಸೆಂ.ಮೀ. ದಪ್ಪದ ಬೆಂಡು ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡಲಿ. ತೂಗುವುದು ಒಳಗೋಡೆಗೆ, ಮಳೆ ಬಡಿಯುವ ಪಶ್ಚಿಮದ ಗೋಡೆಗೆ ಬೇಡ. ಚಿತ್ರದ ಹಿಂದಿನ ಸಂದಿನಲ್ಲಿ ಕುಂಬಾರಹುಳ ಮಣ್ಣಿನ ಗೂಡು ಕಟ್ಟುತ್ತದೆ. ತಿಂಗಳಿಗೊಮ್ಮೆ ಟಾರ್ಚು ಬಿಟ್ಟು ನೋಡಿ. ಗೂಡು ಕ್ಯಾನ್ವಾಸಿನ ಬೆನ್ನಿಗೆ ಹತ್ತಿದ್ದರೆ ಕೆರೆಯಬೇಡಿ, ಒಣಗಿದ ಮೇಲೆ ಸ್ವಲ್ಪ ಸ್ವಲ್ಪವೇ ಪುಡಿ ಮಾಡಿ ಉದುರಿಸಿ.

ಮಳೆಗಾಲದಲ್ಲಿ ಚಿತ್ರಕ್ಕೆ ಪ್ಲಾಸ್ಟಿಕ್ ಸುತ್ತುವುದು ದೊಡ್ಡ ತಪ್ಪು, ಒಳಗೇ ಬೆವರಿ ಬೂಷ್ಟು ಹಿಡಿಯುತ್ತದೆ. ಹಳೆಯ ಹತ್ತಿ ಸೀರೆ ಹೊದಿಸಿದರೆ ಸಾಕು. ಬೂಷ್ಟು ಕಂಡೇಬಿಟ್ಟರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅದು ಇನ್ನಷ್ಟು ಹರಡುತ್ತದೆ. ಚಿತ್ರವನ್ನು ಗಾಳಿಯಿರುವ ನೆರಳಿಗೆ ತಂದು ಎರಡು ಮೂರು ದಿನ ಒಣಗಲು ಬಿಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ, ಮೆತ್ತನೆಯ ಒಣ ಕುಂಚದಿಂದ ಮೇಲಿನಿಂದ ಕೆಳಕ್ಕೆ ಉದುರಿಸಿ. ಆ ಕುಂಚವನ್ನು ಮತ್ತೆ ಬಣ್ಣಕ್ಕೆ ಬಳಸಬೇಡಿ. ಡೆಟಾಲ್, ವಿನೆಗರ್ ಯಾವುದೂ ಬೇಡ. ಕ್ಯಾನ್ವಾಸ್ ಮಳೆಗಾಲದಲ್ಲಿ ಸಡಿಲವಾಗಿ ಅಲೆಯೆದ್ದಂತೆ ಕಂಡರೂ ಬೆಣೆಗೆ ಕೈಹಾಕಬೇಡಿ. ಆಗ ಬಿಗಿ ಮಾಡಿದ್ದು ಮಾರ್ಚ್‌ನ ಒಣ ಗಾಳಿಗೆ ಇನ್ನಷ್ಟು ಬಿಗಿದು ಬಣ್ಣ ಬಿರಿಯುತ್ತದೆ. ದೀಪಾವಳಿ ಕಳೆಯಲಿ, ಆಗಲೂ ಸಡಿಲವಿದ್ದರೆ ನಾಲ್ಕೂ ಮೂಲೆಯ ಬೆಣೆಗೆ ಸಣ್ಣ ಸುತ್ತಿಗೆಯಿಂದ ಒಂದೊಂದೇ ಪೆಟ್ಟು ಕೊಡಿ. ಪೆಟ್ಟು ಕೊಡುವಾಗ ಕ್ಯಾನ್ವಾಸ್ ಮತ್ತು ಪಟ್ಟಿಯ ನಡುವೆ ರಟ್ಟಿನ ತುಂಡು ತೂರಿಸಿಡಿ.